ನಾಲ್ಕನೇ ಮಂಚ

ಬ್ರೋಕರ್ ಜೇಬಿನಿಂದ ಟೇಪು ತೆಗೆದು ಹಾಲಿನ ಮೂಲೆಯಿಂದ ಕಿಟಕಿಯವರೆಗೆ ಅಳೆದ. “ಆರೂವರೆ ಅಡಿ ಇದೆ ಮೇಡಂ. ಇನ್ನೊಂದು ಮಂಚ ಆರಾಮಾಗಿ ಹಿಡಿಯುತ್ತೆ” ಅಂದ.

ಅವನು ಅಳೆದ ಜಾಗ ಖಾಲಿ ಇರಲಿಲ್ಲ. ಅಲ್ಲೊಂದು ಟೇಬಲ್ ಇತ್ತು. ಅದರ ಮೇಲೆ ನೋಟ್ಸಿನ ಕಟ್ಟು, ಅರ್ಧ ಕುಡಿದಿಟ್ಟ ಟೀ ಲೋಟ, ಒಂದು ಚಾರ್ಜರ್. ಆ ಮನೆಯಲ್ಲಿದ್ದ ಮೂವರು ಹುಡುಗಿಯರಲ್ಲಿ ಒಬ್ಬಳು ಅಡುಗೆಮನೆ ಬಾಗಿಲಲ್ಲಿ ನಿಂತು ಟೇಪನ್ನೇ ನೋಡ್ತಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಟೇಪ್ ನೋಡಿದೆ. ನಿಜ ಹೇಳಬೇಕು ಅಂದ್ರೆ, ಮನಸ್ಸಿನಲ್ಲೇ ಆರೂವರೆ ಅಡಿಯನ್ನು ನಾಲ್ಕು ಸಾವಿರದಿಂದ ಗುಣಿಸ್ತಾ ಇದ್ದೆ.

ನಾನು ಅಲ್ಲಿಗೆ ಹೋಗಿದ್ದು ಆ ಕಟ್ಟಡ ಕೊಳ್ಳೋಕೆ. ಮೈಸೂರಿನ ಪಡುವಾರಹಳ್ಳಿ. ಮಾನಸಗಂಗೋತ್ರಿಗೆ ನಡೆದುಕೊಂಡು ಹೋಗುವಷ್ಟು ಹತ್ತಿರ. 30-40 ಸೈಟಿನಲ್ಲಿ ಮೂರು ಅಂತಸ್ತು, ಅಂತಸ್ತಿಗೆ ಎರಡರಂತೆ ಒಟ್ಟು ಆರು ಮನೆ. ಪ್ರತಿ ಮನೆಗೂ ಒಂದು ಹಾಲು, ಒಂದು ರೂಮು, ನಿಂತು ಅಡುಗೆ ಮಾಡುವಷ್ಟು ಅಡುಗೆಮನೆ, ಒಂದು ಬಾತ್‌ರೂಮು. ಓನರ್ ಹೇಳಿದ ರೇಟು 1 ಕೋಟಿ 60 ಲಕ್ಷ.

ಅಮೆರಿಕದಲ್ಲಿರುವ ಗೆಳೆಯನೊಬ್ಬ ಎರಡು ವರ್ಷದ ಹಿಂದೆ ಅಲ್ಲಿನ ಯೂನಿವರ್ಸಿಟಿ ಊರೊಂದರಲ್ಲಿ ನಾಲ್ಕು ಮನೆಯ ಕಟ್ಟಡ ಕೊಂಡ. ಅಲ್ಲಿ ನಾಲ್ಕು ಮನೆಯವರೆಗೂ ಸಾಮಾನ್ಯ ಗೃಹಸಾಲವೇ ಸಿಗುತ್ತಂತೆ, ಐದಾದರೆ ವಾಣಿಜ್ಯ ಸಾಲ. ಒಂದರಲ್ಲಿ ತಾನಿದ್ದು ಮೂರನ್ನು ವಿದ್ಯಾರ್ಥಿಗಳಿಗೆ ಕೊಟ್ಟಿದ್ದಾನೆ. ಅವನು ಇದನ್ನ ‘ಮಲ್ಟಿಫ್ಯಾಮಿಲಿ’ ಅಂತಾನೆ. ನಮ್ಮ ಅಜ್ಜಿ ಕಾಲದಲ್ಲಿ ಇದಕ್ಕೆ ವಠಾರ ಅಂತಿದ್ದರು. ನಿರಂಜನರು ವಠಾರದ ಮೇಲೆ ಬರೆದ ಕಾದಂಬರಿಗೆ ಹೆಸರಾಗಿದ್ದು ಅದರ ಒಡತಿ ರಂಗಮ್ಮನೇ. ಹೆಸರು ಏನೇ ಇರಲಿ, ಲೆಕ್ಕ ಒಂದೇ: ಹಲವರು ಬದುಕುವ ಜಾಗ, ಒಬ್ಬರ ಹೆಸರಿನ ಖಾತೆ. ‘ಪ್ರತಿ ವರ್ಷ ಹೊಸ ಬ್ಯಾಚ್ ಬರುತ್ತೆ, ಮಾರ್ಕೆಟ್ ಬಿದ್ದರೂ ಜನ ಓದೋದು ಬಿಡಲ್ಲ’ ಅಂತ ಅವನು ಮೆಸೇಜ್ ಹಾಕಿದ ದಿನದಿಂದ ನನ್ನ ತಲೆಯಲ್ಲಿ ಈ ಹುಳ ಹೊಕ್ಕಿತ್ತು.

ಲೆಕ್ಕ ಹೀಗಿತ್ತು. 1 ಕೋಟಿ ಸಾಲ, ಶೇ 8.5 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 87 ಸಾವಿರ. ಉಳಿದ 60 ಲಕ್ಷದಲ್ಲಿ 35 ನನ್ನದು, ಹನ್ನೆರಡು ವರ್ಷ ಕೋಡ್ ಬರೆದು ಕೂಡಿಟ್ಟಿದ್ದು. 25 ಅಪ್ಪನದು, ಹೈಸ್ಕೂಲು ಮೇಷ್ಟ್ರಾಗಿ ರಿಟೈರ್ ಆದಾಗ ಬಂದಿದ್ದು. ನೋಂದಣಿ ಖರ್ಚು ಬೇರೆ.

ಆರು ಮನೆಯನ್ನೂ ಸಂಸಾರಸ್ಥರಿಗೆ ಕೊಟ್ಟರೆ ಮನೆಗೆ 9 ಸಾವಿರದಂತೆ 54 ಸಾವಿರ. ವಿದ್ಯಾರ್ಥಿಗಳಿಗೆ ತಲೆ ಲೆಕ್ಕದಲ್ಲಿ ಕೊಟ್ಟರೆ, ಮನೆಗೆ ಮೂವರು, ತಲೆಗೆ 4,500. ಒಟ್ಟು 81 ಸಾವಿರ. ನಾಲ್ಕನೇ ಮಂಚ ಹಾಕಿ ತಲೆಗೆ 4 ಸಾವಿರಕ್ಕೆ ಇಳಿಸಿದರೆ 96 ಸಾವಿರ. ಅಂದರೆ ಮೂರು ಮಂಚಕ್ಕೆ ತಿಂಗಳಿಗೆ 6 ಸಾವಿರ ಕೈಯಿಂದ ಹಾಕಬೇಕು. ನಾಲ್ಕು ಮಂಚಕ್ಕೆ 9 ಸಾವಿರ ಕೈಗೇ ಬರುತ್ತೆ. ಇಡೀ ವ್ಯವಹಾರ ನಷ್ಟವೋ ಲಾಭವೋ ಅನ್ನೋದು ಆ ಆರೂವರೆ ಅಡಿಯಲ್ಲಿ ನಿಂತಿತ್ತು.

ಇಷ್ಟು ಹೊತ್ತಿಗೆ ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ಲೆಕ್ಕ ಹಾಕೋಕೆ ಶುರು ಮಾಡಿರ್ತೀರಿ. ತಪ್ಪೇನಿಲ್ಲ. ನಾನೂ ಅದನ್ನೇ ಮಾಡಿದ್ದು.

ಕೆಳಗಿಳಿದು ಟೀ ಅಂಗಡಿ ಮುಂದೆ ನಿಂತಾಗ ಬ್ರೋಕರ್ ಒಂದೊಂದೇ ಅನುಕೂಲ ಹೇಳುತ್ತಾ ಹೋದ. ಮಾತುಗಾರ, ಮನುಷ್ಯ ಕೆಟ್ಟವನಲ್ಲ. “ಸ್ಟೂಡೆಂಟ್ಸು ಎರಡು ವರ್ಷಕ್ಕೆ ಖಾಲಿ ಮಾಡ್ತಾರೆ ಮೇಡಂ. ಸಂಸಾರದೋರು ಹತ್ತು ವರ್ಷ ಕೂತ್ಕೊಂಡು ಬಾಡಿಗೆ ಜಾಸ್ತಿ ಮಾಡಂಗಿಲ್ಲ ಅಂತಾರೆ. ಇವರು ಹೋದ ತಕ್ಷಣ ಹೊಸಬರಿಗೆ ಹೊಸ ರೇಟು. ರಿಪೇರಿ ಕೇಳಲ್ಲ, ನಲ್ಲಿ ಸೋರಿದ್ರೆ ಬಕೆಟ್ ಇಟ್ಕೋತಾರೆ. ಬಾಡಿಗೆ ಊರಿಂದ ಅಪ್ಪ ಅಮ್ಮ ಕಳಿಸ್ತಾರೆ, ನಿಲ್ಲಲ್ಲ. ಕರೆಂಟಿಗೆ ತಲೆಗೆ ಇನ್ನೂರು ಅಂತ ಇಟ್ಬಿಡಿ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬಂದ್ರೂ ಅವರೇನು ಮೀಟರ್ ನೋಡ್ತಾರಾ? ಇನ್ನು ಅಡ್ವಾನ್ಸು. ಪೇಂಟಿಂಗ್ ಅಂತ ಅರ್ಧ ಹಿಡಿದ್ರೂ, ಅದಕ್ಕೋಸ್ಕರ ಊರಿಂದ ಬಸ್ಸು ಹತ್ತಿ ಬರಲ್ಲ.”

ಅವನು ಹೇಳಿದ್ದು ಯಾವುದೂ ಸುಳ್ಳಲ್ಲ. ವಾಪಸ್ ಬೆಂಗಳೂರಿಗೆ ಬರುವಾಗ ಬಸ್ಸಿನಲ್ಲಿ ಆ ಪಟ್ಟಿಯನ್ನು ಫೋನಿನಲ್ಲಿ ಬರೆದುಕೊಂಡೆ. ಬರೆದ ಮೇಲೆ ಒಂದು ವಿಷಯ ಕಣ್ಣಿಗೆ ಹೊಡೀತು. ನನಗೆ ಅನುಕೂಲ ಅಂತ ಅವನು ಹೇಳಿದ ಒಂದೊಂದು ಸಾಲೂ ಆ ಹುಡುಗಿಯರ ಒಂದೊಂದು ಅಸಹಾಯಕತೆ. ಅವರಿಗೆ ಊರಲ್ಲಿ ಬೇರು ಇಲ್ಲ, ಹಾಗಾಗಿ ಬಾಡಿಗೆ ಏರಿಸಬಹುದು. ಅವರಿಗೆ ಜಗಳ ಆಡೋಕೆ ಸಮಯ ಇಲ್ಲ, ಹಾಗಾಗಿ ನಲ್ಲಿ ಸೋರಲಿ. ಊರಿನವರಿಗೆ ‘ರೂಮು ಬಿಡಿಸಿದರು’ ಅಂತ ಹೇಳೋಕೆ ಭಯ, ಹಾಗಾಗಿ ಬಾಡಿಗೆ ನಿಲ್ಲಲ್ಲ. ಕಟ್ಟಡದ ಇಟ್ಟಿಗೆ ಸಿಮೆಂಟಿಗೆ ಕೊಡುವ ಬಾಡಿಗೆ ಮನೆಗೆ 9 ಸಾವಿರ. ಅದರ ಮೇಲಿನ ನಾಲ್ಕೂವರೆ ಸಾವಿರ ಬರ್ತಿರೋದು ಇಟ್ಟಿಗೆಯಿಂದ ಅಲ್ಲ.

ಇದನ್ನ ನಾನು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ. 2007ರಿಂದ 2009ರವರೆಗೆ ಗಂಗೋತ್ರಿಯಲ್ಲಿ ಎಂಎಸ್ಸಿ ಓದುವಾಗ ಅದೇ ಪಡುವಾರಹಳ್ಳಿಯಲ್ಲಿ ನಾವು ನಾಲ್ವರು ರೂಮು ಮಾಡಿದ್ದೆವು. ಒಂದು ರೂಮಿಗೆ ನಾಲ್ಕು ಜನ. ಮೂರು ಮಂಚ. ನಾಲ್ಕನೆಯವಳು ಎಚ್.ಡಿ. ಕೋಟೆ ಕಡೆಯವಳು, ಮಂಚಗಳ ಮಧ್ಯೆ ಚಾಪೆ ಹಾಸಿಕೊಂಡು ಮಲಗ್ತಿದ್ದಳು. ರಾತ್ರಿ ಯಾರಾದರೂ ಬಾತ್‌ರೂಮಿಗೆ ಎದ್ದರೆ ಅವಳನ್ನು ದಾಟಿಕೊಂಡೇ ಹೋಗಬೇಕು. ರೂಮಿನಲ್ಲಿ ಟೇಬಲ್ ಇರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಅವಳು ಟೆರೇಸಿಗೆ ಹೋಗುವ ಮೆಟ್ಟಿಲ ಮೇಲೆ, ಅಲ್ಲಿದ್ದ ಬಲ್ಬಿನ ಕೆಳಗೆ ಕೂತು ಓದ್ತಿದ್ದಳು. ಹತ್ತು ಗಂಟೆಗೆ ಓನರ್ ಆಂಟಿ ಬಂದು ಆ ಬಲ್ಬು ಆರಿಸ್ತಿದ್ದರು. ಬಾಗಿಲು ಎಂಟಕ್ಕೇ ಹಾಕ್ತಿದ್ದರು. ಖಾಲಿ ಮಾಡುವಾಗ 10 ಸಾವಿರ ಅಡ್ವಾನ್ಸಿನಲ್ಲಿ ಆರೂವರೆ ಸಾವಿರ ಪೇಂಟಿಂಗಿಗೆ ಅಂತ ಹಿಡಿದರು. ಆ ಗೋಡೆಗೆ ಪೇಂಟ್ ಹೊಡೆದಿದ್ದನ್ನ ನಾನಂತೂ ನೋಡಲಿಲ್ಲ. ಬೆಂಗಳೂರಲ್ಲಿ ಕೆಲಸ ಸಿಕ್ಕಿತ್ತು, ಜಗಳ ಆಡೋಕೆ ಹೋಗಲಿಲ್ಲ. ಬ್ರೋಕರ್ ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಬಸ್ಸು ಹತ್ತಿ ಬರಲಿಲ್ಲ.

ಅದೇ ಬೀದಿಯಲ್ಲಿ ಈಗ ನಾನು ಓನರ್ ಆಂಟಿ ಆಗೋಕೆ ಹೊರಟಿದ್ದೆ.

ಈ ಹಂತದಲ್ಲಿ ಸುಲಭವಾದ ಒಂದು ತೀರ್ಮಾನ ಕೈಗೆ ಸಿಗುತ್ತೆ: ಬಾಡಿಗೆ ತಗೊಳ್ಳೋದೇ ತಪ್ಪು. ಇದಕ್ಕೆ ದೊಡ್ಡವರ ಬೆಂಬಲವೂ ಇದೆ. ಭೂಮಾಲೀಕರು ದುಡಿಯದೆ, ಅಪಾಯಕ್ಕೆ ಒಡ್ಡಿಕೊಳ್ಳದೆ, ಮಲಗಿರುವಾಗಲೂ ಶ್ರೀಮಂತರಾಗುತ್ತಾ ಹೋಗ್ತಾರೆ ಅನ್ನೋ ಅರ್ಥದ ಮಾತನ್ನ ಜಾನ್ ಸ್ಟುವರ್ಟ್ ಮಿಲ್ 1848ರಲ್ಲೇ ಬರೆದಿದ್ದ. ವಿದ್ಯೆಗೆ ಬಂದವರಿಂದ ದುಡ್ಡು ಮಾಡೋದು ನಮ್ಮ ಕಡೆಯ ಸಂಸ್ಕಾರವೂ ಅಲ್ಲ ಅಂತ ಹೇಳಬಹುದು. ವಾರಾನ್ನ ಅನ್ನೋ ಪದ್ಧತಿ ಇತ್ತು, ಓದುವ ಹುಡುಗ ವಾರದ ಏಳು ದಿನ ಏಳು ಮನೆಯಲ್ಲಿ ಉಣ್ಣೋದು. ಮಠಗಳು ಸಾವಿರಾರು ಮಕ್ಕಳಿಗೆ ಊಟ, ವಸತಿ ಕೊಟ್ಟು ಓದಿಸಿವೆ. ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ 2019ರಲ್ಲಿ ತೀರಿಕೊಂಡಾಗ ಆ ಅನ್ನ ಉಂಡು ದೊಡ್ಡವರಾದವರು ಎಷ್ಟು ಕಡೆ ಇದ್ದಾರೆ ಅಂತ ನಾವೆಲ್ಲ ಕಣ್ಣಾರೆ ಕಂಡೆವು. ಅಂಥ ನಾಡಿನಲ್ಲಿ ತಲೆಗೆ ಇಷ್ಟು ಅಂತ ಟೇಪು ಹಿಡಿಯೋದಾ?

ಆದರೆ ಈ ಮಾತನ್ನ ಅಪ್ಪನ ಮುಂದೆ ಹೇಳಿದಾಗ ಅವರು ನಕ್ಕರು. ಆಮೇಲೆ ನಾನು ಎಂದೂ ಕೇಳದ ಒಂದು ಕತೆ ಹೇಳಿದರು.

ಅಪ್ಪ 1974ರಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯಿಂದ ಮೈಸೂರಿಗೆ ಬಿ.ಎ. ಓದೋಕೆ ಬಂದವರು. ಹಾಸ್ಟೆಲ್ ಸಿಗಲಿಲ್ಲ. ಲಕ್ಷ್ಮೀಪುರಂನಲ್ಲಿ ಒಂದು ಮನೆಯ ಟೆರೇಸಿನ ಮೇಲೆ ತಗಡಿನ ರೂಮು. ಮೊದಲ ವರ್ಷ ಬಾಡಿಗೆ ಕೊಟ್ಟರು. ಎರಡನೇ ವರ್ಷ ಊರಲ್ಲಿ ಬೆಳೆ ಕೈಕೊಟ್ಟಿತು. ಯಜಮಾನರು “ಇರಲಿ ಬಿಡಪ್ಪ, ಬಾಡಿಗೆ ಬೇಡ, ಓದ್ಕೋ” ಅಂದರು. ಒಳ್ಳೆಯ ಮನುಷ್ಯ. ಆವತ್ತಿನಿಂದ ಅಪ್ಪ ಬೆಳಗ್ಗೆ ಎದ್ದು ಅವರ ಮನೆಗೆ ನೀರು ಸೇದಿದರು, ರೇಷನ್ ಕ್ಯೂ ನಿಂತರು, ಹಿಟ್ಟಿನ ಗಿರಣಿಗೆ ಹೋದರು, ಅವರ ಮಗನಿಗೆ ಪಾಠ ಹೇಳಿದರು. ಯಾರೂ ಮಾಡು ಅನ್ನಲಿಲ್ಲ. ಮಾಡದೆ ಇರೋಕೂ ಆಗಲಿಲ್ಲ. ಎರಡು ವರ್ಷದಲ್ಲಿ ಆ ಮನೆಯ ನಡುಮನೆಗೆ ಒಂದು ದಿನವೂ ಅವರನ್ನು ಕರೆಯಲಿಲ್ಲ, ಅದು ಬೇರೆ ಮಾತು.

“ಮೊದಲನೇ ವರ್ಷ ನಾನು ಬಾಡಿಗೆದಾರ ಆಗಿದ್ದೆ ಕಣವ್ವ. ತಿಂಗಳಿಗೆ ಒಂದ್ಸಲ ದುಡ್ಡು ಕೊಟ್ಟು ಎದೆ ಎತ್ತಿ ಮೆಟ್ಟಿಲು ಹತ್ತುತಿದ್ದೆ. ಎರಡನೇ ವರ್ಷದಿಂದ ಮೆಟ್ಟಿಲು ಹತ್ತುವಾಗಲೂ ತಲೆ ಬಗ್ಗಿಸ್ಕೊಂಡೇ ಹತ್ತಿದ್ದು” ಅಂದರು.

ಆ ಮನೆಯ ಮಗನಿಗೆ ಈಗ ಅರವತ್ತು ದಾಟಿದೆ. ಮದುವೆಮನೆಯಲ್ಲಿ ಸಿಕ್ಕರೆ ಅಪ್ಪ ಇವತ್ತಿಗೂ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಅದು ಗೌರವ ಅಂತ ನಾನು ಅಂದುಕೊಂಡಿದ್ದೆ. ಅದು ಇನ್ನೂ ತೀರದ ಬಾಡಿಗೆ.

ವಾರಾನ್ನ ಉಂಡವರ ಆತ್ಮಕತೆಗಳಲ್ಲೂ ಹೊಟ್ಟೆ ತುಂಬಿದ ಕೃತಜ್ಞತೆಯ ಪಕ್ಕದಲ್ಲೇ ತಡವಾಗಿ ಬಡಿಸಿದ ತಣ್ಣನೆ ಅನ್ನದ ನೆನಪೂ ಇರುತ್ತೆ. ಮೇಲಾಗಿ ಆ ಏಳು ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೀತಿರಲಿಲ್ಲ. ಹುಡುಗಿಯರ ಮಾತಂತೂ ಬಿಡಿ. ಬಾಡಿಗೆಗೆ ಇರುವ ಒಂದು ದೊಡ್ಡ ಗುಣ ನಮಗೆ ಕಾಣಲ್ಲ, ಯಾಕೆಂದರೆ ನಾವು ಅದರಲ್ಲೇ ಬದುಕ್ತಿದ್ದೀವಿ: ದುಡ್ಡು ಕೊಟ್ಟ ಮೇಲೆ ಋಣ ಇಲ್ಲ. ತಿಂಗಳ ಐದನೇ ತಾರೀಕು ಬಾಡಿಗೆ ಹಾಕಿದವಳು ಓನರ್ ಮುಂದೆ ನಗಬೇಕಾಗಿಲ್ಲ, ಅವರ ಮಗನಿಗೆ ಪಾಠ ಹೇಳಬೇಕಾಗಿಲ್ಲ. ಹಾಗಾಗಿ ವಿದ್ಯಾರ್ಥಿಗಳಿಂದ ಬಾಡಿಗೆ ತಗೊಳ್ಳೋದು ತಪ್ಪು ಅನ್ನೋ ವಾದವನ್ನ ನಾನು ಬಿಟ್ಟೆ. ಪ್ರಶ್ನೆ ಬಾಡಿಗೆಯದಲ್ಲ, ನಾಲ್ಕನೇ ಮಂಚದ್ದು.

ಅದೂ ಅಷ್ಟು ಸುಲಭ ಇಲ್ಲ.

ನಾಲ್ಕನೇ ಮಂಚ ಅನ್ಯಾಯ ಅಂತ ಹೇಳಿಬಿಡಬಹುದು. ಆದರೆ ಎಚ್.ಡಿ. ಕೋಟೆಯ ನನ್ನ ರೂಮ್‌ಮೇಟ್ ಆ ಚಾಪೆಯ ಜಾಗ ಇಲ್ಲದಿದ್ದರೆ ಎಂಎಸ್ಸಿಗೆ ಬರ್ತಾನೇ ಇರಲಿಲ್ಲ. ನಾವು ಮೂವರು ತಲೆಗೆ 900 ಕೊಡ್ತಿದ್ದೆವು, ಅವಳು 600. ಆ 600 ಹೊಂದಿಸೋಕೇ ಅವಳು ಸಂಜೆ ಇಬ್ಬರು ಮಕ್ಕಳಿಗೆ ಟ್ಯೂಷನ್ ಹೇಳ್ತಿದ್ದಳು. ಯಾರಾದರೂ ಧರ್ಮಾತ್ಮ ಓನರ್ ‘ಮೂವರಿಗಿಂತ ಹೆಚ್ಚು ಜನ ಇರಬಾರದು, ಇದು ಮನುಷ್ಯರು ಬದುಕುವ ರೀತಿಯಲ್ಲ’ ಅಂತ ನಿಯಮ ಮಾಡಿದ್ದರೆ, ಹೊರಗೆ ಹೋಗ್ತಿದ್ದವಳು ಅವಳೇ. ನನ್ನ ಆತ್ಮಸಾಕ್ಷಿ ತಣ್ಣಗಿರಲಿ ಅಂತ ಮಾಡಿದ ನಿಯಮದ ಬೆಲೆಯನ್ನು ಅತ್ಯಂತ ಬಡವಳು ಕಟ್ಟಬೇಕಾಗುತ್ತೆ. ಬ್ರೋಕರ್ ಕೂಡ ಇದನ್ನೇ ಹೇಳಿದ್ದ, ಅವನ ಭಾಷೆಯಲ್ಲಿ: “ಅವರಿಗೂ ಐನೂರು ಉಳಿಯುತ್ತಲ್ವಾ ಮೇಡಂ, ಪುಣ್ಯ ಬರುತ್ತೆ.”

ಅಲನ್ ವರ್ಟ್‌ಹೈಮರ್ ಅನ್ನೋ ಅಮೆರಿಕದ ಚಿಂತಕ 1996ರಲ್ಲಿ ಶೋಷಣೆಯ ಬಗ್ಗೆಯೇ ಒಂದು ಪುಸ್ತಕ ಬರೆದ. ಅದರಲ್ಲಿನ ಒಂದು ವಿಚಾರ ನನಗೆ ಆ ವಾರ ತುಂಬ ಉಪಯೋಗಕ್ಕೆ ಬಂತು. ಶೋಷಣೆ ಅಂದರೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಅಂತಲೇ ಆಗಬೇಕಾಗಿಲ್ಲ. ಇಬ್ಬರಿಗೂ ಲಾಭ ಆಗಬಹುದು, ಇಬ್ಬರೂ ಒಪ್ಪಿರಬಹುದು, ಆದರೂ ಅದು ಶೋಷಣೆ ಆಗಿರಬಹುದು. ಬಾವಿಗೆ ಬಿದ್ದವನಿಗೆ ಹಗ್ಗ ಕೊಟ್ಟು ‘ನಿನ್ನ ಹೊಲ ಬರೆದುಕೊಡು’ ಅಂದರೆ ಅವನು ಒಪ್ಪುತ್ತಾನೆ, ಬದುಕುತ್ತಾನೆ, ಅವನಿಗೆ ಲಾಭವೇ. ಹಾಗಾಗಿ ‘ಅವಳೂ ಒಪ್ಪಿದ್ದಳು, ಅವಳಿಗೂ ಒಳ್ಳೇದಾಯ್ತು’ ಅನ್ನೋದು ನಿಜ ಇರಬಹುದು, ಆದರೆ ಉತ್ತರ ಅಲ್ಲ. ಕೇಳಬೇಕಾದ್ದು ಬೇರೆ: ಅವಳಿಗೆ ಬೇರೆ ದಾರಿ ಇಲ್ಲ ಅನ್ನೋದರಿಂದ ನಾನು ಎಷ್ಟು ಹೆಚ್ಚು ತಗೊಳ್ತಿದ್ದೀನಿ?

ಈ ಕನ್ನಡಕ ಹಾಕಿಕೊಂಡು ಲೆಕ್ಕವನ್ನ ಮತ್ತೆ ನೋಡಿದೆ. ನಾಲ್ಕನೇ ಮಂಚ ಹಾಕಿದಾಗ ಪ್ರತಿ ಹುಡುಗಿಗೆ ಉಳಿಯೋದು 500. ನನಗೆ ಮನೆಗೆ 2,500 ಹೆಚ್ಚು. ಅವರು ಕಳೆದುಕೊಳ್ಳೋದು ಟೇಬಲ್ಲು, ಬೆಳಗ್ಗೆ ಬಾತ್‌ರೂಮಿನ ಮುಂದೆ ಇನ್ನೊಂದು ಇಪ್ಪತ್ತು ನಿಮಿಷ, ಸಂಪಿನಲ್ಲಿ ನಾಲ್ಕರಲ್ಲೊಂದು ಪಾಲು ನೀರು. ನಾನು ಕಳೆದುಕೊಳ್ಳೋದು ಒಂದು ಮಂಚದ ದುಡ್ಡು, ಅದೂ ಒಂದು ಸಲ. ನಾಲ್ಕನೇ ಮಂಚದಿಂದ ಬಡ ಹುಡುಗಿಗೆ ಅನುಕೂಲ ಆಗುತ್ತೆ ಅನ್ನೋದು ನನ್ನ ನಿಜವಾದ ಕಾಳಜಿ ಆಗಿದ್ದರೆ, ಮಂಚ ಮೂರೇ ಇಟ್ಟು ಬಾಡಿಗೆ 4 ಸಾವಿರಕ್ಕೆ ಇಳಿಸೋಕೆ ಯಾರೂ ಅಡ್ಡ ಬಂದಿರಲಿಲ್ಲ. ಆ ಸಾಲು ನನ್ನ ಎಕ್ಸೆಲ್ ಹಾಳೆಯಲ್ಲಿ ಇರಲೇ ಇಲ್ಲ.

ಇನ್ನೊಂದು ರಾತ್ರಿಯ ವಿಷಯ ಹೇಳಿಬಿಡ್ತೀನಿ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಸಾಲದ ಅರ್ಜಿ ತುಂಬೋ ಮೊದಲು ನಾನು ಫೋನಿನಲ್ಲಿ ಹುಡುಕಿದೆ: ಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಹೊಸ ಲೇಡೀಸ್ ಹಾಸ್ಟೆಲ್ ಏನಾದರೂ ಬರ್ತಿದೆಯಾ ಅಂತ. ಹೂಡಿಕೆ ಮಾಡುವವರು ಹುಡುಕಲೇಬೇಕಾದ ಮಾಹಿತಿ ಅದು. ನನಗೆ ತಕ್ಷಣಕ್ಕೆ ಅಂಥದ್ದೇನೂ ಕಾಣಲಿಲ್ಲ. ಎದೆ ಹಗುರಾಯ್ತು. ಫೋನ್ ಪಕ್ಕಕ್ಕಿಟ್ಟು ದೀಪ ಆರಿಸಿದ ಮೇಲೆ ಗೊತ್ತಾಯ್ತು, ನನಗೆ ಖುಷಿ ಆಗಿದ್ದು ಯಾವುದಕ್ಕೆ ಅಂತ. ಹಾಸ್ಟೆಲ್ ಸೀಟು ಸಿಗದೆ ನಾನೂ ಅತ್ತಿದ್ದೆ, ಅಪ್ಪನೂ ತಗಡಿನ ರೂಮು ಸೇರಿದ್ದರು. ಈಗ ಹಾಸ್ಟೆಲ್ ಬರದೇ ಇರಲಿ ಅಂತ ಬಯಸೋದರಲ್ಲಿ ನನ್ನ 1 ಕೋಟಿ 60 ಲಕ್ಷ ಸೇರಿಕೊಂಡಿದೆ. ಆಸ್ತಿ ನಮ್ಮ ಜೇಬನ್ನಷ್ಟೇ ಬದಲಾಯಿಸಲ್ಲ, ಊರಿಗೆ ಏನು ಒಳ್ಳೇದಾಗಬೇಕು ಅನ್ನೋ ನಮ್ಮ ಆಸೆಯನ್ನೂ ಮೆಲ್ಲಗೆ ತಿರುಗಿಸುತ್ತೆ. ಕುವೆಂಪು ಕುಲಪತಿಯಾಗಿ ಕನಸು ಕಂಡು, ಹೆಸರಿಟ್ಟ ಕ್ಯಾಂಪಸ್ಸು ಅದು. ಅದರ ಬೇಲಿಯಾಚೆ ನಿಂತು ನಾನು ‘ಒಳಗೆ ಜಾಗ ಸಾಲದೇ ಇರಲಿ’ ಅಂತ ಹಾರೈಸ್ತಿದ್ದೆ.

ಇದಕ್ಕೆ ಏನು ಪರಿಹಾರ? ಕೊಳ್ಳದೇ ಇರೋದಾ? ನಾನು ಬಿಟ್ಟರೆ ಇನ್ನೊಬ್ಬರು ಕೊಳ್ಳುತ್ತಾರೆ, ಅವರ ಕೈಯಲ್ಲೂ ಟೇಪ್ ಇರುತ್ತೆ. ಈ ವಾದದ ಮೇಲೆ ನನಗೆ ನಂಬಿಕೆ ಕಮ್ಮಿ, ಯಾಕೆಂದರೆ ಕೆಟ್ಟ ಕೆಲಸ ಮಾಡುವವರೆಲ್ಲ ಇದನ್ನೇ ಹೇಳ್ತಾರೆ. ಆದರೆ ಕೆಲಸವೇ ಕೆಟ್ಟದ್ದಲ್ಲದಿದ್ದಾಗ, ಮಾಡುವ ರೀತಿ ಕೆಟ್ಟದ್ದಾಗಬಹುದಾದಾಗ, ಯಾರು ಮಾಡ್ತಾರೆ ಅನ್ನೋದು ಮುಖ್ಯ ಆಗುತ್ತೆ. ಹುಡುಗಿಯರಿಗೆ ರೂಮು ಬೇಕು. ಯಾರಾದರೂ ಓನರ್ ಆಗಲೇಬೇಕು.

ಜಾನ್ ರಾಲ್ಸ್ 1971ರ ತನ್ನ ಪುಸ್ತಕದಲ್ಲಿ ಒಂದು ಪರೀಕ್ಷೆ ಹೇಳ್ತಾನೆ. ನೀವು ಸಮಾಜದಲ್ಲಿ ಯಾವ ಜಾಗದಲ್ಲಿ ಹುಟ್ಟುತ್ತೀರಿ ಅಂತ ಗೊತ್ತಿಲ್ಲದ ಹಾಗೆ ಒಂದು ಪರದೆ ಎಳೆದುಕೊಂಡು ನಿಯಮ ಮಾಡಿ, ಆಗ ನಿಯಮ ನ್ಯಾಯವಾಗಿರುತ್ತೆ ಅಂತ. ಒಳ್ಳೆಯ ಪರೀಕ್ಷೆ. ನನಗೆ ಪರದೆಯ ಅಗತ್ಯ ಇರಲಿಲ್ಲ, ನಾನು ಆ ಚಾಪೆಯ ಪಕ್ಕದಲ್ಲೇ ಎರಡು ವರ್ಷ ಮಲಗಿದ್ದೆ. ಆದರೂ ಟೇಪ್ ಹಿಡಿದಾಗ ಮರೆತೆ. ಕಷ್ಟ ಉಂಡವರು ಒಳ್ಳೆಯ ಓನರ್ ಆಗ್ತಾರೆ ಅನ್ನೋದು ಸುಳ್ಳು. ನಮ್ಮ ಓನರ್ ಆಂಟಿ ಕೂಡ ಹಿಂದೊಮ್ಮೆ ಬಾಡಿಗೆ ಮನೆಯಲ್ಲಿ ಕಷ್ಟಪಟ್ಟವರೇ, ದಿನಾ ಅದನ್ನೇ ಹೇಳ್ತಿದ್ದರು. ನೆನಪನ್ನ ನಂಬಿಕೊಂಡು ಕೂರೋಕೆ ಆಗಲ್ಲ. ಕಾಗದದ ಮೇಲೆ ಬರೆದಿಡಬೇಕು.

ಹಾಗಾಗಿ ಬರೆಯೋಕೆ ಕೂತೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ ಇದೆ. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡರಷ್ಟೇ ಜಾರಿ. ಆದರೆ ಒಳ್ಳೆಯ ನಿಯಮವನ್ನ ಪಾಲಿಸೋಕೆ ಅದು ಕಡ್ಡಾಯ ಆಗಲೇಬೇಕು ಅಂತೇನಿಲ್ಲವಲ್ಲ. ಎರಡು ತಿಂಗಳು ಅಂತ ಬರೆದೆ. ಖಾಲಿ ಮಾಡಿದ ದಿನವೇ ವಾಪಸ್, ಏನಾದರೂ ಹಿಡಿದರೆ ರಸೀದಿ ಸಮೇತ. ಒಂದು ವರ್ಷ ದಾಟಿದ ಕರಾರನ್ನ ನೋಂದಣಿ ಮಾಡಿಸಬೇಕು ಅಂತ ಎಲ್ಲರೂ 11 ತಿಂಗಳಿಗೆ ಬರೆಸೋದು ನಿಮಗೆ ಗೊತ್ತು. 11 ತಿಂಗಳೇ ಇರಲಿ. ಆದರೆ ಎರಡು ವರ್ಷದ ಕೋರ್ಸಿಗೆ ಬಂದವಳಿಗೆ ಎರಡನೇ ಕರಾರೂ ಅದೇ ಬಾಡಿಗೆಗೆ, ಪರೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಕರೆಂಟು ಮೀಟರಿನಲ್ಲಿ ಇದ್ದಷ್ಟೇ, ಸೊನ್ನೆ ಬಂದರೆ ಸೊನ್ನೆ. ಮೆಟ್ಟಿಲ ಬಲ್ಬು ರಾತ್ರಿಯೆಲ್ಲ ಉರಿಯಲಿ. ಗೇಟಿನ ಕೀ ಎಲ್ಲರ ಹತ್ತಿರವೂ ಒಂದೊಂದು. ಅವರು ಯಾರ ಜೊತೆ ಬಂದರು, ಏನು ಉಂಡರು ಅಂತ ನಾನು ಕೇಳಲ್ಲ. ಅವರು ನನ್ನ ಬಾಡಿಗೆದಾರರು, ನನ್ನ ಮಕ್ಕಳಲ್ಲ. ಇವು ಯಾವುದಕ್ಕೂ ಹೆಚ್ಚು ಖರ್ಚಿಲ್ಲ ಅನ್ನೋದನ್ನ ಗಮನಿಸಿ. ಇದರಲ್ಲಿ ಖರ್ಚಿರೋ ವಿಷಯ ಒಂದೇ, ಮಂಚದ್ದು.

ಅದನ್ನ ಮಾತಾಡೋಕೆ ಅಪ್ಪನ ಹತ್ತಿರ ಹೋದೆ. 25 ಲಕ್ಷ ಅವರದ್ದು, ಅವರ ವೃದ್ಧಾಪ್ಯದ ದುಡ್ಡು. ಮೂರು ಮಂಚ, ತಲೆಗೆ 4 ಸಾವಿರ ಅಂದರೆ 72 ಸಾವಿರ. ತಿಂಗಳಿಗೆ 15 ಸಾವಿರ ನಾನು ಕೈಯಿಂದ ಹಾಕಬೇಕು. ವರ್ಷಕ್ಕೆ 1 ಲಕ್ಷ 80 ಸಾವಿರ. ನನ್ನ ಸಂಬಳದಲ್ಲಿ ಅದು ಆಗದ ಮಾತಲ್ಲ, ಆದರೆ ಸುಮ್ಮನೆ ಬಿಡುವ ಮೊತ್ತವೂ ಅಲ್ಲ. ಕೆಲಸ ಹೋದರೆ? ನಮ್ಮ ಫೀಲ್ಡಿನಲ್ಲಿ ಈಗ ಯಾರ ಕೆಲಸ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಒಂದು ಮಧ್ಯದ ದಾರಿ ಯೋಚಿಸಿದ್ದೆ. “ಅಪ್ಪ, ಎಲ್ಲರಿಗೂ 4,500 ಇಡೋಣ. ನಿಜವಾಗಿ ಕಷ್ಟ ಇರೋ ಹುಡುಗಿಯರು ಬಂದು ಕೇಳಿದರೆ, ಅಂಥವರಿಗೆ ಕಡಿಮೆ ಮಾಡೋಣ” ಅಂದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ಬಂದು ಕೇಳೋಹಂಗೆ ಮಾಡ್ಬೇಡ ಕಣವ್ವ. ಕಡಿಮೆ ಮಾಡಿದೀನಿ ಅಂತಾನೂ ಯಾರಿಗೂ ಹೇಳ್ಬೇಡ. ಬಾಡಿಗೆನೇ ಅಷ್ಟು ಅಂತ ಹೇಳು.”

ನಾನು ಎರಡು ವಾರ ಪುಸ್ತಕದಲ್ಲಿ ಹುಡುಕಿದ್ದು ಈ ಮಾತಲ್ಲಿತ್ತು. ನ್ಯಾಯವಾದ ಬೆಲೆ ಇಟ್ಟು ಅದನ್ನ ದಾನದ ಹಾಗೆ ಕೊಟ್ಟರೆ, ಉಳಿಸಿದ 500 ರೂಪಾಯಿಗೆ ಬದಲಾಗಿ ಅವರ ತಲೆ ಬಗ್ಗಿಸಿಬಿಡ್ತೀವಿ. ಒಳ್ಳೆಯತನ ಓನರ್ ಮುಖದಲ್ಲಿ ಕಾಣಬಾರದು. ಕರಾರಿನಲ್ಲಿ ಒಂದು ಅಂಕಿಯಾಗಿ, ಬೇರೆ ಅಂಕಿಗಳ ಜೊತೆ, ಸುಮ್ಮನೆ ಕೂತಿರಬೇಕು.

ಕಳೆದ ತಿಂಗಳು ಟೋಕನ್ ಅಡ್ವಾನ್ಸ್ ಕೊಡೋಕೆ ಮತ್ತೆ ಹೋಗಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹುಡುಗಿ ಮೆಟ್ಟಿಲ ಹತ್ತಿರ ಸಿಕ್ಕಳು. “ಆಂಟಿ, ನೀವು ತಗೊಂಡ್ರೆ ನಮ್ಮನ್ನ ಖಾಲಿ ಮಾಡಿಸ್ತೀರಾ? ಸೆಮಿಸ್ಟರ್ ಮುಗಿಯೋಕೆ ಇನ್ನೂ ಮೂರು ತಿಂಗಳಿದೆ” ಅಂತ ಕೇಳಿದಳು. ಆಂಟಿ ಅಂದಿದ್ದು ಚುಚ್ಚಿತು, ಅದು ನನ್ನ ಸಮಸ್ಯೆ. ಇಲ್ಲ ಅಂದೆ. ಅವಳು ನಿಂತೇ ಇದ್ದಳು. ಆಮೇಲೆ ಕೇಳಿದಳು: “ಆ ಟೇಬಲ್ಲು?”

“ಅಲ್ಲೇ ಇರುತ್ತೆ” ಅಂದೆ.

ಅವಳು ಥ್ಯಾಂಕ್ಸ್ ಹೇಳಲಿಲ್ಲ. ತಲೆ ಆಡಿಸಿ ಮೆಟ್ಟಿಲು ಹತ್ತಿಹೋದಳು. ಸರಿಯಾಗೇ ಇತ್ತು, ಥ್ಯಾಂಕ್ಸ್ ಹೇಳೋ ಅಂಥದ್ದೇನೂ ನಾನು ಕೊಟ್ಟಿರಲಿಲ್ಲ. ಟೇಬಲ್ ಮೊದಲಿಂದಲೂ ಅವರದ್ದೇ.

ಈ ನಿಯಮಗಳನ್ನ 20 ವರ್ಷ ಪಾಲಿಸ್ತೀನಿ ಅಂತ ನಿಮಗೆ ಮಾತು ಕೊಡೋಕೆ ನನಗೆ ಧೈರ್ಯ ಇಲ್ಲ. ಬಡ್ಡಿ ದರ ಏರಬಹುದು, ಸಂಬಳ ನಿಲ್ಲಬಹುದು. ಆಗ ಆರೂವರೆ ಅಡಿ ಮತ್ತೆ ಕಣ್ಣಿಗೆ ಬೀಳುತ್ತೆ. ಆವತ್ತು ಓದಿಕೊಳ್ಳೋಕೆ ಇರಲಿ ಅಂತ ಇದನ್ನ ಇಲ್ಲಿ ಬರೆದಿಟ್ಟಿದ್ದೀನಿ. ನೀವೂ ಯಾವುದಾದರೂ ಕಾಲೇಜಿನ ಪಕ್ಕ ಇಂಥದ್ದೊಂದು ಕಟ್ಟಡ ನೋಡ್ತಿದ್ದರೆ ಬೇಡ ಅನ್ನಲ್ಲ. ಬ್ರೋಕರ್ ಹೇಳುವ ಅನುಕೂಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೊಂದರ ಎದುರಿಗೆ, ಅದು ಆ ಮನೆಯಲ್ಲಿ ಇರುವವರ ಯಾವ ಕಷ್ಟದಿಂದ ಬರ್ತಿದೆ ಅಂತ ಬರೆಯಿರಿ. ಆಮೇಲೆ ಟೇಪ್ ತೆಗೀರಿ.